ಡಾಕ್ಟರಿಗೆ ಆಯ ಕೊಟ್ಟ ವರ್ಷ

ಬೆಳಿಗ್ಗೆ ಏಳು ಗಂಟೆಗೆ ಶಾಲೆಯ ಗಂಟೆ ಬಾರಿಸಬೇಕಿತ್ತು. ಬಾರಿಸಲಿಲ್ಲ.

ಹತ್ತನೆಯ ತರಗತಿಯ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಬೆಳಗಿನ ವಿಶೇಷ ತರಗತಿಗೆ ಹನ್ನೊಂದು ಮಕ್ಕಳು ಬಂದು ಕೂತಿದ್ದರು. ನಾನು ಸೀಮೆಸುಣ್ಣದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಮ್ಮ ಗಂಟೆ ಎಂದರೆ ಬೇವಿನ ಮರಕ್ಕೆ ತಂತಿಯಿಂದ ಕಟ್ಟಿದ ರೈಲು ಹಳಿಯ ತುಂಡು. ಅದನ್ನು ಬಾರಿಸುವುದು ಹುಲಿಗೆವ್ವ ಎಂಬ ಹುಡುಗಿಯ ಹಕ್ಕು. ಯಾರೂ ಕೊಟ್ಟ ಹಕ್ಕಲ್ಲ. ಶಾಲೆಯ ಕಸ ಗುಡಿಸುವ ದುರುಗವ್ವನ ಮಗಳು ಅವಳು. ತಾಯಿಯ ಜೊತೆ ಎಲ್ಲರಿಗಿಂತ ಮೊದಲು ಬರುತ್ತಿದ್ದಳು, ಬಾರಿಸುತ್ತಿದ್ದಳು. ವಿಜ್ಞಾನದಲ್ಲಿ ಅವಳನ್ನು ಹಿಂದೆ ಹಾಕುವವರು ಆ ತರಗತಿಯಲ್ಲಿರಲಿಲ್ಲ. ಎರಡು ವರ್ಷದಲ್ಲಿ ಆ ಗಂಟೆ ತಪ್ಪಿದ್ದು ಅದೇ ಮೊದಲು. ಅಂದು ವರಾಂಡದಲ್ಲಿ ಕಸವೂ ಹಾಗೇ ಬಿದ್ದಿತ್ತು.

ನಾನು ಏಳೂಕಾಲರವರೆಗೆ ಕಾದೆ. ಆ ಹದಿನೈದು ನಿಮಿಷವನ್ನು ಇವತ್ತಿಗೂ ಲೆಕ್ಕ ಹಾಕುತ್ತಿದ್ದೇನೆ.

ಈಗ ಹರಪನಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಕಳೆದ ವಾರ ಪುರಸಭೆಯವರು ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋದರು. ಅದೇ ಹೊತ್ತಿಗೆ ಎದುರು ಮನೆಯ ಹೆಣ್ಣುಮಗಳು ಮಲ್ಲಿಗೆ ಮೊಳ ಹಾಕಿಸಿಕೊಳ್ಳುತ್ತಿದ್ದಳು. ಎರಡು ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದವು. ಚಹಾದ ಲೋಟ ಕಟ್ಟೆಯ ಮೇಲಿಟ್ಟು ಗೋಡೆ ಹಿಡಿದುಕೊಂಡೆ. ಹೆಂಡತಿ ಓಡಿ ಬಂದು “ಬಿ.ಪಿ. ಏನ್ರಿ?” ಎಂದಳು. ಬಿ.ಪಿ. ಅಲ್ಲ. ಅದು ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಒಂದು ಬೇಸಿಗೆ.

ಊರು ಹಡಗಲಿ ತಾಲೂಕಿನದು, ಮಾಗಳದಿಂದ ಹೊಳೆಯ ದಂಡೆ ಹಿಡಿದು ಐದಾರು ಮೈಲಿ. ಹೆಸರು ಬರೆಯುವುದಿಲ್ಲ, ಆ ಮನೆತನಗಳು ಇನ್ನೂ ಅಲ್ಲಿವೆ, ಅವರೆಲ್ಲ ನನಗೆ ರೊಟ್ಟಿ ಹಾಕಿದವರು. ನಾನು ಕೊಟ್ಟೂರಿನಲ್ಲಿ ಬಿ.ಎಸ್ಸಿ. ಓದಿ, ಬಿ.ಎಡ್. ಮುಗಿಸಿ, ಆ ಊರಿನ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಹೋದೆ. ಒಂದು ವರ್ಷದ ಮೇಲೆ ಡಾಕ್ಟರ್ ಖಾದರ್ ಬಂದರು.

ಅವರಿಗಿಂತ ಮೊದಲೂ ನಮ್ಮ ದವಾಖಾನೆಗೆ ಡಾಕ್ಟರು ಬರುತ್ತಿದ್ದರು. ಬರುತ್ತಿದ್ದರು ಎಂದರೆ, ಬಂದು ಹಾಜರಿ ಹಾಕಿ, ಕುರ್ಚಿಯ ಧೂಳು ಒರೆಸಿ, ಮಾರನೆಯ ದಿನ ರಜೆಯ ಅರ್ಜಿ ಬರೆಯುತ್ತಿದ್ದರು. ಊರಿನವರು ಅವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಖಾದರ್ ಮಾತ್ರ ಬೈಯಲಿಲ್ಲ. “ಅವ್ರೇನು ಕೆಟ್ಟೋರಲ್ರಿ ಮಾಸ್ತರ. ನನ್ನ ಜೊತೆ ಓದಿದೋನು ದಾವಣಗೆರೆ ನರ್ಸಿಂಗ್ ಹೋಮ್‌ನಾಗ ಅದಾನ. ನಾನು ತಿಂಗಳಿಗೆ ತಗಳ್ಳೋದನ್ನ ಅವನು ವಾರಕ್ಕೆ ತಗಳ್ತಾನ. ಇಬ್ರೂ ನೋಡೋದು ಅದೇ ಜ್ವರ, ಅದೇ ಕೆಮ್ಮು,” ಎನ್ನುತ್ತಿದ್ದರು.

ಅವರು ಹರಪನಹಳ್ಳಿಯವರು. ತಂದೆ ಅಲ್ಲಿ ಬಸ್ಸು ಲಾರಿಗಳ ಮೆಕ್ಯಾನಿಕ್. ಮಗನ ಡಾಕ್ಟರಿ ಓದಿಗಾಗಿ ಕಬ್ಬಿಣ ಕಡೆಯುವ ತಮ್ಮ ಲೇತ್ ಮಷೀನು ಮಾರಿ, ಈಗ ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ನಿಂತಿದ್ದರು. ಆ ಲೇತನ್ನು ತಿರುಗಿ ಕೊಡಿಸಬೇಕು, ಇಬ್ಬರು ತಂಗಿಯರ ಮದುವೆ ಮಾಡಬೇಕು. ಖಾದರ್ ಬಾಳ್ವೆಯ ಲೆಕ್ಕ ಇಷ್ಟೇ. ಸರ್ಕಾರದ ಪಗಾರದಲ್ಲಿ ಆ ಲೆಕ್ಕ ಎಂದೂ ಕೂಡುತ್ತಿರಲಿಲ್ಲ.

ನಾವಿಬ್ಬರೂ ಮದುವೆಯಾಗದವರು, ಒಂದೇ ಒಲೆಯ ಮೇಲೆ ಅಡುಗೆ ಮಾಡಿಕೊಳ್ಳುತ್ತಿದ್ದೆವು. ಹಡಗಲಿಯ ಬಸ್ಸು ದೂರದಲ್ಲಿ ಏರು ಹತ್ತುವಾಗಲೇ ಖಾದರ್ ಕಿವಿಗೊಟ್ಟು, “ಇದಕ್ಕ ದಮ್ಮಿನ ಬ್ಯಾನಿ ಐತಿ. ಇವತ್ತು ನಾಳೆ ನಿಂತ್ಕಂತತಿ,” ಎನ್ನುತ್ತಿದ್ದರು. ಅದು ನಿಲ್ಲುತ್ತಿತ್ತು. ಡ್ರೈವರ್ ತನ್ನ ಬೆನ್ನುನೋವಿಗೆ ಮದ್ದು ಕೇಳಲು ಬಂದು, ಇಂಜಿನಿಗೂ ಕೇಳಿಕೊಂಡು ಹೋಗುತ್ತಿದ್ದ. ನಾಲಿಗೆ ತೋರಿಸಿ ಎಂದರೆ ಮುದುಕಿಯರು ಕೈ ಮುಂದೆ ಮಾಡುತ್ತಿದ್ದರು. “ನಾಡಿ ನೋಡಿದ ಮ್ಯಾಲೆ ನಾಲಿಗಿ ಎದಕ್ಕಪ್ಪ? ಬೈಗುಳ ಏನಾರ ಅದಾವೇನಂತ ನೋಡ್ತೀಯೇನು?” ಎಂದು ಒಬ್ಬಳು ಕೇಳಿದ್ದಳು. ಮನೆಗೆ ಹೋಗಿ ನೋಡಿಬಂದರೆ ಫೀಜು ಕೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಬದನೆಕಾಯಿ, ಮೊಟ್ಟೆ, ಒಮ್ಮೆ ಒಂದು ಜೀವಂತ ಹುಂಜ ಬಂದವು. ಹುಂಜವನ್ನು ಕೊಯ್ಯಲು ಇಬ್ಬರಿಗೂ ಮನಸ್ಸಾಗದೆ, ಅದು ದವಾಖಾನೆಯ ಅಂಗಳದಲ್ಲೇ ಮುದಿಯಾಯಿತು.

ಖಾದರ್ ಬಿಟ್ಟು ಹೋಗುತ್ತಾರೆ ಎಂಬ ಸುದ್ದಿ ಜನವರಿಯ ಹೊತ್ತಿಗೆ ಊರಲ್ಲಿ ಹರಡಿತು. ಒಂದು ಸಂಜೆ ಶಾಲೆಯ ಬೇವಿನ ಮರದ ಕೆಳಗೆ ಹಿರಿಯರು ಸೇರಿದರು. ಒಬ್ಬರು ಅರ್ಜಿ ಬರೆಯೋಣ ಎಂದರು, ಇನ್ನೊಬ್ಬರು ಮಂತ್ರಿಯ ಹತ್ತಿರ ಹೋಗೋಣ ಎಂದರು. ಬಡಿಗೇರ ಈರಣ್ಣ ಎದ್ದು ನಿಂತ. ಊರಿನ ನೇಗಿಲು, ಕೂರಿಗೆ, ಗಾಡಿಗಳೆಲ್ಲ ಅವನ ಕೈಯಲ್ಲೇ ಆದವು.

“ನಾನು ನಿಮ್ಮ ರಂಟಿ ಕುಂಟಿ ಮಾಡಿಕೊಡ್ತೀನಿ. ಯಾವಾಗಾರ ರೊಕ್ಕ ಕೇಳೀನೇನು? ಸುಗ್ಗಿಗೆ ಕಣಕ್ಕ ಬರ್ತೀನಿ, ಆಯದ ಕಾಳು ಹಾಕ್ತೀರಿ, ವರ್ಷ ಪೂರ್ತಿ ದುಡೀತೀನಿ. ಕಮ್ಮಾರನೂ ಹಂಗ, ಕ್ಷೌರದೋನೂ ಹಂಗ. ಡಾಕ್ಟ್ರು ಮನಶಾರ ಮೈ ರಿಪೇರಿ ಮಾಡ್ತಾರ. ಅವ್ರಿಗೂ ಆಯ ಹಾಕ್ರಿ. ಸರಕಾರ ಕೊಡ್ಲಾರದ್ದನ್ನ ಊರು ಕೊಡ್ಲಿ.”

ಆ ಸಂಜೆ ಅದಕ್ಕಿಂತ ಚೆಂದದ ಮಾತು ನಾನು ಇನ್ನೊಂದು ಕೇಳಲಿಲ್ಲ. ಎಲ್ಲರೂ ತಲೆದೂಗಿದರು. ಪಟ್ಟಿ ಬರೆಯುವ ಕೆಲಸ ನನಗೆ ಬಂತು.

“ಯಾವ್ಯಾವ ಮನಿ ಬರೀಲಿ?” ಎಂದು ಕೇಳಿದೆ.

“ಕಣ ಇದ್ದೋರ ಮನಿ ಬರಿರಿ. ಕೂಲಿ ಮಾಡೋರ ಹತ್ರ ಏನು ಕೇಳೋದು, ಪಾಪ,” ಎಂದರು.

ಅದು ಕರುಣೆಯ ಮಾತು. ಇವತ್ತಿಗೂ ಹಾಗೇ ನಂಬಿದ್ದೇನೆ. ನಾನು ದಪ್ಪ ಡ್ರಾಯಿಂಗ್ ಹಾಳೆ ತಂದು, ಕೆಂಪು ಶಾಯಿಯಲ್ಲಿ ಅಂಚು ಹಾಕಿ, ಮನೆಗೆ ಇಷ್ಟು ಕೊಳಗ ಜೋಳ ಎಂದು ದುಂಡಗೆ ಬರೆದೆ. ಬರೆದು ಸುಮ್ಮನಿದ್ದರೆ ಆಗುತ್ತಿತ್ತು. ಕೊಟ್ಟವರಿಗೆ ಸಂತೋಷವಾಗಲಿ ಎಂದು ಅದನ್ನು ದವಾಖಾನೆಯ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದೆ. ಮಾರನೆಯ ದಿನ ಹುಲಿಗೆವ್ವ ಅದರ ಮುಂದೆ ನಿಂತು, ಬೆರಳಿಟ್ಟು ಒಂದೊಂದೇ ಹೆಸರನ್ನು ತಾಯಿಗೆ ಓದಿ ಹೇಳುತ್ತಿದ್ದಳು. ಕೊನೆಯವರೆಗೂ ಓದಿದಳು. ಹಾದು ಹೋಗುತ್ತಿದ್ದ ನಾನು ನಿಂತು, “ಭೇಷ್, ಒಂದೂ ತಪ್ಪಿಲ್ಲ,” ಎಂದು ಬೆನ್ನು ತಟ್ಟಿದೆ. ಅವರಿಬ್ಬರೂ ಏನನ್ನು ಹುಡುಕುತ್ತಿದ್ದರು ಎಂದು ನನಗೆ ಹೊಳೆಯಲಿಲ್ಲ.

ಸುಗ್ಗಿಯಲ್ಲಿ ಏಳು ಚೀಲ ಜೋಳ ಡಾಕ್ಟರ ಕೋಣೆಗೆ ಬಂದವು. ಖಾದರ್ ನಾಚಿಕೊಂಡು, ನಕ್ಕು, ಕೈಮುಗಿದು ತೆಗೆದುಕೊಂಡರು. ಆದರೆ ಲೇತು ಲೇತೇ, ಜೋಳ ಜೋಳವೇ. ಪರೀಕ್ಷೆಯ ಹತ್ತಿರದ ಒಂದು ಸಂಜೆ ಅವರು ಒಂದು ಕಾಗದ ತೋರಿಸಿದರು. ದಾವಣಗೆರೆಯ ನರ್ಸಿಂಗ್ ಹೋಮಿನದು, ಮಾತಾಡಲು ಕರೆದಿದ್ದರು. “ನಾಳೆ ಮೊದಲ ಬಸ್ಸಿಗೆ ಹೋಗಿ ಬರ್ತೀನಿ. ಯಾರಿಗೂ ಹೇಳಬ್ಯಾಡ್ರಿ ಮಾಸ್ತರ. ಆಯ ತಿಂದು ಓಡಿ ಹೋದ ಅಂದಾರು,” ಎಂದರು. ಬಿಳಿ ಅಂಗಿಗೆ ಗಂಜಿ ಹಾಕಿ, ಹಾಸಿಗೆಯ ಕೆಳಗೆ ಮಡಿಸಿ ಇಟ್ಟಿದ್ದರು.

ಮಾರನೆಯ ದಿನ ಏಳೂಕಾಲಕ್ಕೆ ನಾನು ದುರುಗವ್ವನ ಕೇರಿಗೆ ನಡೆದೆ. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಹುಲಿಗೆವ್ವ ಚಾಪೆಯ ಮೇಲೆ ಮಲಗಿದ್ದಳು. ಮೊನ್ನೆ ತಾನೇ ಪಾಠ ಒಪ್ಪಿಸಿದ ಹುಡುಗಿಯ ಕಣ್ಣು ಗುಳಿ ಬಿದ್ದಿತ್ತು, ಮುಖ ಮುದುಕಿಯದಾಗಿತ್ತು. ಕೈ ಮುಟ್ಟಿದೆ. ಆ ಬೇಸಿಗೆಯಲ್ಲೂ ತಣ್ಣಗಿತ್ತು. ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಂತಿತು.

“ನಿನ್ನೆ ಸಂಜಿಯಿಂದ ಹಿಂಗ ಅದಾಳ್ರಿ,” ಎಂದಳು ದುರುಗವ್ವ. “ಕಕ್ಕಾಕತ್ಯಾಳ, ಕೆಳಗೂ ಹೋಗಾಕತ್ತೈತಿ. ಆಚಿ ಎರಡು ಮನ್ಯಾಗೂ ಹಿಂಗ. ನಮ್ಮಣ್ಣ ಮೈಲಪ್ಪನೂ ಹಿಂಗ ಮಾಡಿಕೆಂಡು ಮೊನ್ನೆ ಹ್ವಾದ.”

ಮೈಲಪ್ಪ ತೀರಿದ್ದು ನನಗೆ ಗೊತ್ತಿತ್ತು. ವಯಸ್ಸಾಗಿತ್ತು ಎಂದುಕೊಂಡಿದ್ದೆ.

“ದವಾಖಾನಿ ಇಲ್ಲೇ ಐತೆಲ್ಲವ್ವ! ಯಾಕ ಬರ್ಲಿಲ್ಲ?” ಎಂದು ಕಿರುಚಿದೆ.

ಅವಳು ನನ್ನನ್ನು ಅರಿವಿಲ್ಲದವನನ್ನು ನೋಡುವ ಹಾಗೆ ನೋಡಿದಳು. “ಪಟ್ಯಾಗ ನಮ್ಮ ಹೆಸರಿಲ್ಲಲ್ರಿ ಮಾಸ್ತರ. ನೀವ ಬರದೀರಿ, ಈಕಿನ ಓದಿ ಹೇಳಿದ್ಲು. ಆಯ ಕೊಡದಂಗ ಈರಣ್ಣನ ಕಡೆ ಒಂದು ಕುಡಗೋಲಿಗೆ ಹಿಡಿ ಹಾಕ್ಸಿಲ್ಲ ನಾವು. ಡಾಕ್ಟ್ರನ್ನ ಬಿಟ್ಟಿ ದುಡಿಸಿಕೆಂಡ್ರ ಮರ್ಯಾದಿ ಉಳೀತೈತೇನು? ಹ್ವಾದ ವಾರ ಮೈಲಪ್ಪ ಕೆಮ್ಮಿಗೆ ಅಂತ ಹೋಗಿದ್ದ. ದವಾಖಾನಿ ಸಾಲಿನ್ಯಾಗ ನಿಂತಾಗ ಯಾರೋ, ನಿನಗ್ಯಾವ ಕಣ ಐತೋ ಅಂದ್ರಂತ. ತಿರುಗಿ ಬಂದ.”

ನನ್ನ ಗಡಿಯಾರದಲ್ಲಿ ಏಳೂ ಇಪ್ಪತ್ತೈದು. ಬಸ್ಸು ಹೊರಡುವುದು ಏಳೂವರೆಗೆ.

ಅಂದು ನಾನು ಓಡಿದ ಓಟ ಈಗಲೂ ಕಾಲಲ್ಲಿದೆ. ಒಂದು ಚಪ್ಪಲಿ ಕೇರಿಯಲ್ಲೇ ಉಳಿಯಿತು. ಬಸ್ಸು ಹೊರಟು ಹೋಗಿರಬೇಕಿತ್ತು. ಮಲ್ಲಿಗೆ ಬುಟ್ಟಿಗಳು ಅದನ್ನು ನಿಲ್ಲಿಸಿದ್ದವು. ಆ ದಿನಗಳಲ್ಲಿ ತೋಟದವರು ಹೂವನ್ನು ಅದೇ ಬಸ್ಸಿನ ಮೇಲೆ ಹೇರಿ ಕಳಿಸುತ್ತಿದ್ದರು. ಅಂದು ಯಾರದೋ ಬುಟ್ಟಿಯ ಹಗ್ಗ ಕಡಿದು, ಕಂಡಕ್ಟರ್ ಮೇಲೆ ಹತ್ತಿ ಮತ್ತೆ ಕಟ್ಟುತ್ತಿದ್ದ. ಒಂದು ಹಗ್ಗ ಗಟ್ಟಿಯಾಗಿದ್ದಿದ್ದರೆ? ಈ ಪ್ರಶ್ನೆಯ ಆಚೆಗೆ ಯೋಚಿಸಲು ನನಗೆ ಇನ್ನೂ ಆಗುವುದಿಲ್ಲ.

ಕಿಟಕಿಯಲ್ಲಿ ಬಿಳಿ ಅಂಗಿ ಕಂಡಿತು. ನಾನು ಏನೇನೋ ಒದರಿದೆ. ಖಾದರ್ ಒಂದೇ ಪ್ರಶ್ನೆ ಕೇಳಿದರು. “ಭೇದಿ ಯಾವ ಬಣ್ಣ?”

“ಅಕ್ಕಿ ತೊಳೆದ ನೀರಿನಂಗ.”

ಅವರು ಎದ್ದರು. ಜೇಬಿನಲ್ಲಿದ್ದ ಒಂದೇ ಕಾಗದ ತೆಗೆದು, ತಿರುವಿ, ಅದರ ಹಿಂದೆ ನಾಲ್ಕು ಸಾಲು ಗೀಚಿ ಕಂಡಕ್ಟರನಿಗೆ ಕೊಟ್ಟರು. “ಹಡಗಲಿ ದೊಡ್ಡ ದವಾಖಾನಿಗೆ ಕೊಡು. ದಾರಿಯಾಗ ಎಲ್ಲೂ ಚಾ ಕುಡೀಬ್ಯಾಡ.” ಅದು ದಾವಣಗೆರೆಯ ಕಾಗದ. ಅದು ನಮ್ಮಿಬ್ಬರಿಗೇ ಗೊತ್ತಿತ್ತು.

ದವಾಖಾನೆಯಲ್ಲಿ ಇದ್ದದ್ದು ಆರು ಸಲೈನ್ ಬಾಟಲಿ. ಶಾಲೆಯೇ ಆಸ್ಪತ್ರೆಯಾಯಿತು. ಹುಲಿಗೆವ್ವನ ಕೈಯ ನರ ಸಿಗಲಿಲ್ಲ. ಎರಡು ಸಲ ಚುಚ್ಚಿ, ಮೂರನೆಯ ಸಲ ಕಾಲಿನ ಹರಡಿನ ಹತ್ತಿರ ಸಿಕ್ಕಿತು. ಬಾಟಲಿ ತೂಗುಹಾಕಲು ಏನೂ ಇರಲಿಲ್ಲ. ನಾನು ಕೈ ಎತ್ತಿ ಹಿಡಿದು ನಿಂತೆ. ಹನಿ ಬೀಳುವುದನ್ನು ನೋಡುತ್ತಾ, ಬೀಳದೆ ನಿಂತರೆ ಕೊಳವೆ ತಟ್ಟುತ್ತಾ, ಎಷ್ಟು ಹೊತ್ತೋ. ಈರಣ್ಣ ಬಂದು ನೋಡಿದ. ಮನೆಗೆ ಹೋಗಿ, ಕೂರಿಗೆಯ ಬಿದಿರು ಕೊಳವೆಗಳನ್ನು ಕಿತ್ತು ತಂದು, ಕಂಬಗಳನ್ನು ಮಾಡಿ ನೆಟ್ಟ. ಆಮೇಲೆ ಡಾಕ್ಟರು ಹೇಳಿದಂತೆ ಊರಿನ ಮಂಚಗಳನ್ನು ತರಿಸಿ, ನಡುವೆ ಗುಂಡಗೆ ತೂತು ಕೊರೆದ. ಕೆಳಗೆ ಬಕೆಟ್ಟು ಇಟ್ಟರೆ, ರೋಗಿ ಏಳುವ ಕಷ್ಟವಿಲ್ಲ, ನೆಲ ಕೆಡುವುದಿಲ್ಲ. ಮೊದಲು ಕೊರೆದದ್ದು ನನ್ನ ಮಂಚ.

“ಈರಣ್ಣ, ಈ ತೂತಿಗೂ ಆಯ ತಗಂತೀಯೇನಪ್ಪ?” ಎಂದರು ಖಾದರ್.

“ಮಾಸ್ತರು ಲಗ್ನ ಆಗಲ್ರಿ, ಆವಾಗ ಹೊಸ ಮಂಚಕ್ಕ ತಗಂತೀನಿ,” ಎಂದ.

ಹೊಳೆಯ ಮರಳಿನಲ್ಲಿ ತೋಡಿದ ಒರತೆಯೊಂದರ ನೀರಿನಿಂದ ಕಾಲರಾ ಬಂದಿತ್ತು. ಅದನ್ನು ಮುಚ್ಚಿಸಿದೆವು. ಬಾಟಲಿ ಮುಗಿದ ಮೇಲೆ ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಬೆರೆಸಿ ಚಮಚದಲ್ಲಿ ಕುಡಿಸಿದೆವು. “ಕಕ್ಕಿದ್ರೂ ಬಿಡಬ್ಯಾಡ್ರಿ. ಕಕ್ಕಿದಷ್ಟು ಮತ್ತ ಕುಡಸ್ರಿ,” ಎಂದು ಖಾದರ್ ಕೂಗುತ್ತಾ ಓಡಾಡುತ್ತಿದ್ದರು. ಮಾರನೆಯ ದಿನ ಜೀಪು ಬಂತು. ಸಲೈನ್ ಪೆಟ್ಟಿಗೆಗಳು, ಚುಚ್ಚುಮದ್ದು, ಬ್ಲೀಚಿಂಗ್ ಪೌಡರಿನ ಡಬ್ಬ. ಜೊತೆಗೆ ಬಂದ ಹಿರಿಯ ಡಾಕ್ಟರು ಖಾದರ್ ಅವರನ್ನು ಪಕ್ಕಕ್ಕೆ ಕರೆದು ಆ ಕಾಗದ ವಾಪಸು ಕೊಟ್ಟರು. “ಇದು ನಿಮ್ದು. ಒಳ್ಳೆ ಪಗಾರ ಬರದಾರ. ಓದಿ, ನಾನೇ ಹೋಗ್ಲೇನು ಅನಸ್ತು,” ಎಂದು ಸಣ್ಣಗೆ ನಕ್ಕರು. ಅವರ ಅಂಗಿಯ ಕಾಲರು ಸವೆದಿದ್ದನ್ನು ನಾನು ಆಗ ನೋಡಿದೆ.

ಎರಡನೆಯ ದಿನದ ಹೊತ್ತಿಗೆ ಪಟ್ಟಿಯಲ್ಲಿದ್ದ ಮನೆಗಳಿಂದಲೂ ರೋಗಿಗಳು ಬಂದರು. ಹತ್ತನೆಯ ತರಗತಿಯ ಕೋಣೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ, ತೂತು ಕೊರೆದ ಮಂಚಗಳ ಮೇಲೆ. ಖಾದರ್ ತಮ್ಮ ಕೋಣೆಯ ಜೋಳದ ಚೀಲ ಬಿಚ್ಚಿಸಿದರು. ಒಡೆದ ಜೋಳದ ಗಂಜಿ ದೊಡ್ಡ ಹಂಡೆಯಲ್ಲಿ ಬೇಯುತ್ತಿತ್ತು. ಚೇತರಿಸಿಕೊಂಡವರಿಗೆ ಅದೇ ಊಟ, ನಮಗೂ ಅದೇ. ದುರುಗವ್ವ ಒಮ್ಮೆ ಹೊರಗೆ ಹೋಗಿ, ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದಳು. ಸುಗ್ಗಿ ಮುಗಿದ ಹೊಲಗಳಲ್ಲಿ ಆಯ್ದುಕೊಂಡ ಹಕ್ಕಲು ತೆನೆಯ ಕಾಳು. ಡಾಕ್ಟರ ಮುಂದೆ ಸುರಿಯಲು ಹೋದಳು.

“ನಮ್ಮ ಆಯ ತಗಳ್ರಿ. ಮಗಳ ಹೆಸರು ಬರಕಳ್ರಿ.”

ಖಾದರ್ ಅವಳ ಕೈ ಹಿಡಿದು ತಡೆದರು. “ಯವ್ವ, ದವಾಖಾನಿ ಸರಕಾರದ್ದು. ನೀನು ಬೆಂಕಿಪೊಟ್ಟಣ ಕೊಂಡಾಗೆಲ್ಲ ಅದ್ರ ತೆರಿಗ್ಯಾಗ ನನ್ನ ಪಗಾರ ಕೊಟ್ಟಿ. ನಿನ್ನ ಆಯ ಯಾವಾಗ್ಲೋ ಮುಟ್ಟೈತಿ.”

ದುರುಗವ್ವ ಸೆರಗಿನ ಗಂಟನ್ನು ಮತ್ತೆ ಬಿಗಿದಳು. ಊರೊಳಗೆ ಗುಟ್ಟು ಉಳಿಯುವುದಿಲ್ಲ. ಬಿಳಿ ಅಂಗಿ ಯಾವ ಊರಿಗೆ ಹೊರಟಿತ್ತು ಎಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. “ಹಂಗಾರ ಬಾಳ ಕಡಿಮಿ ಕೊಟ್ಟೀನಿ ತಗಳ್ರಿ. ಅದಕ್ಕ ನೀವು ಬಸ್ ಹತ್ತಿದ್ದು,” ಎಂದಳು.

ಅಂಥ ಹೊತ್ತಿನಲ್ಲಿ ಖಾದರ್ ನಕ್ಕ ನಗೆ! ಮಂಚದ ಮೇಲಿದ್ದವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಳನ್ನು ಅವಳೇ ಹಂಡೆಗೆ ಸುರಿದಳು.

ಮೂರನೆಯ ದಿನ ನಾನು ದವಾಖಾನೆಯ ಗೋಡೆಯ ಪಟ್ಟಿಯನ್ನು ಕಿತ್ತುಹಾಕಲು ಹೋದೆ. ಮೈದಾ ಅಂಟಿನಿಂದ ಚೆನ್ನಾಗಿಯೇ ಅಂಟಿಸಿದ್ದೆ. ಉಗುರಿನಿಂದ ಕೆರೆದರೂ ಕೆಂಪು ಅಂಚು ಬಿಡಲಿಲ್ಲ. ಖಾದರ್ ಬಂದು ಹಿಂದೆ ನಿಂತರು. “ಮೈಲಪ್ಪನ್ನ ನಾನ ಕೊಂದೆ,” ಎಂದೆ. ಅವರು ಇಲ್ಲ ಎನ್ನಲಿಲ್ಲ. ಅದಕ್ಕಾಗಿ ಅವರ ಮೇಲೆ ಇವತ್ತಿಗೂ ಗೌರವ. “ಪಟ್ಟಿ ನೀವು ಬರದ್ರಿ. ಜೋಳ ನಾನು ತಗಂಡೆ. ಸಾಲಿನ್ಯಾಗ ಯಾರು ಬರಾಕತ್ಯಾರ, ಯಾರು ಬರೋದು ಬಿಟ್ಟಾರ ಅಂತ ನಾನೂ ನೋಡ್ಲಿಲ್ಲ,” ಎಂದರು. ತಮ್ಮ ಉಗುರಿನಿಂದಲೂ ಒಂದಷ್ಟು ಕೆರೆದರು.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ಖಾದರ್ ಇನ್ನೂ ಒಂದು ವರ್ಷ ಇದ್ದರು. ದೊಡ್ಡ ತಂಗಿಗೆ ಗಂಡು ಗೊತ್ತಾದ ಮೇಲೆ ದಾವಣಗೆರೆಗೆ ಹೋದರು. ಆಮೇಲೆ ನಮ್ಮ ದವಾಖಾನೆಯ ಕುರ್ಚಿ ಬಹಳ ಕಾಲ ಖಾಲಿಯಾಗಿತ್ತು. ಕಂಪೌಂಡರ್ ಎಲ್ಲ ರೋಗಕ್ಕೂ ಒಂದೇ ಬಣ್ಣದ ಔಷಧಿ ಕೊಡುತ್ತಿದ್ದ. ಆದರೆ ಬಸ್ಸಿನ ಹತ್ತಿರ ಅವರನ್ನು ಬೀಳ್ಕೊಡಲು ಬಂದವರಲ್ಲಿ ಯಾರೂ ಬೈಯಲಿಲ್ಲ. “ನಮ್ಮ ಹೊಲದಾಗ ಲೇತ್ ಬೆಳ್ಯಾಂಗಿಲ್ಲಲ್ರಿ,” ಎಂದ ಈರಣ್ಣ, ಕಣ್ಣೊರೆಸಿಕೊಂಡು. ಒಬ್ಬ ಒಳ್ಳೆಯ ಮನುಷ್ಯನನ್ನು ಬರೀ ಒಳ್ಳೆಯತನದ ಮೇಲೆ ಊರಲ್ಲಿ ಉಳಿಸಿಕೊಳ್ಳಲು ಆಗುವುದಿಲ್ಲ ಎಂದು ಆ ಬಡಿಗನಿಗೆ ನನಗಿಂತ ಮೊದಲೇ ತಿಳಿದಿತ್ತು. ಹರಪನಹಳ್ಳಿಯ ಶೆಡ್ಡಿಗೆ ಲೇತ್ ವಾಪಸು ಬಂದ ದಿನ ಖಾದರ್ ನನಗೆ ಕಾರ್ಡು ಬರೆದಿದ್ದರು. ಅದನ್ನು ಈರಣ್ಣನಿಗೂ ದುರುಗವ್ವನಿಗೂ ಓದಿ ಹೇಳಿದೆ.

ಹುಲಿಗೆವ್ವನಿಗೆ ಆ ಸಲದ ಪರೀಕ್ಷೆಗೆ ಕೂರಲಾಗಲಿಲ್ಲ. ಮುಂದಿನ ಸಲ ಬರೆದು ಪಾಸಾದಳು. ಹಡಗಲಿಯಲ್ಲಿ ಅಂಚೆ ಇಲಾಖೆಯ ಕೆಲಸಕ್ಕೆ ಸೇರಿ, ಅದರಿಂದ ನಿವೃತ್ತಳೂ ಆಗಿದ್ದಾಳೆ. ಈಗ ಅವಳು ಅಜ್ಜಿ. ಫೋನ್ ಮಾಡಿದರೆ ಮೊದಲು ಕೇಳುವುದು ನನ್ನ ಬಿ.ಪಿ.ಯನ್ನೇ.

ಆದರೆ ನನ್ನೊಳಗೆ ಆ ಬೇಸಿಗೆ ಮುಗಿಯುವುದು ಅಲ್ಲಲ್ಲ. ಬಸ್ಸಿನಿಂದ ಡಾಕ್ಟರು ಇಳಿದ ಐದನೆಯ ದಿನ ಸಂಜೆ, ಹೊಸ ರೋಗಿ ಒಬ್ಬರೂ ಬರಲಿಲ್ಲ. ಖಾದರ್ ಸಾಲಿನ ಉದ್ದಕ್ಕೂ ನಡೆದು, ಒಬ್ಬೊಬ್ಬರ ಕೈ ಹಿಡಿದು ನೋಡಿ, ವರಾಂಡದ ಬೆಂಚಿನ ಮೇಲೆ ಕೂತರು. ಬಿಳಿ ಅಂಗಿ ಯಾವ ಬಣ್ಣವೆಂದು ಹೇಳುವ ಹಾಗಿರಲಿಲ್ಲ. “ಮಾಸ್ತರ, ಒಂದು ಗಳಿಗಿ ಕಣ್ಣು ಮುಚ್ತೀನಿ. ಯಾರಾರ ಬಂದ್ರ ಎಬ್ಬಸ್ರಿ,” ಎಂದರು. ಹಾಗೆಯೇ ಒರಗಿದರು. ನಾನು ಎಚ್ಚರವಿರಬೇಕು ಎಂದುಕೊಂಡು ಗೋಡೆಗೆ ಬೆನ್ನು ಕೊಟ್ಟೆ. ಹಂಡೆಯ ಪಕ್ಕದಲ್ಲಿ ಈರಣ್ಣ ಆಗಲೇ ಬಿದ್ದುಕೊಂಡಿದ್ದ. ಮಗಳ ಮಂಚದ ಅಂಚಿಗೆ ತಲೆಯಿಟ್ಟು ದುರುಗವ್ವ ಮಲಗಿದ್ದಳು. ಐದು ದಿನಗಳಲ್ಲಿ ನಾವು ಯಾರೂ ಒಟ್ಟಿಗೆ ಕಣ್ಣು ಮುಚ್ಚಿರಲಿಲ್ಲ.

ಯಾರೂ ಬರಲಿಲ್ಲ. ಯಾರೂ ಎಬ್ಬಿಸಲಿಲ್ಲ.

ನನಗೆ ಎಚ್ಚರವಾದದ್ದು ಒಂದು ಸದ್ದಿಗೆ. ಕಬ್ಬಿಣದ ಸದ್ದು, ಸಣ್ಣದು, ಒಂದಾದ ಮೇಲೆ ಬಹಳ ಹೊತ್ತಿಗೆ ಇನ್ನೊಂದು. ಬಿಸಿಲು ಅಂಗಳದವರೆಗೆ ಬಂದಿತ್ತು. ಬೇವಿನ ಬುಡದಲ್ಲಿ ಹುಲಿಗೆವ್ವ ಒಂದು ಕೈಯಲ್ಲಿ ಮರ ಹಿಡಿದು, ಇನ್ನೊಂದು ಕೈಯಿಂದ ರೈಲು ಹಳಿಯನ್ನು ಬಡಿಯುತ್ತಿದ್ದಳು.

“ಏ ಹುಚ್ಚೀ, ನಿಲ್ಲಾಕ ಬರಾಂಗಿಲ್ಲ, ಗಂಟಿ ಬಾರಿಸ್ತೀಯೇನು?” ಎಂದು ದುರುಗವ್ವ ಸೆರಗು ಎಳೆದುಕೊಳ್ಳುತ್ತಾ ಓಡಿದಳು.

ಗಡಿಯಾರ ನೋಡಿದೆ. ಏಳು ಗಂಟೆ.